ಅನ್ವಿಯ ಗೋಲ್ಡ್ ಅವಾರ್ಡ್ ಕರಡು: ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ರಘು: ಎಲ್ಲರಿಗೂ ನಮಸ್ಕಾರ. ಅಮೆರಿಕದ ಗರ್ಲ್ ಸ್ಕೌಟ್ಸ್‌ನ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡ್ ಅವಾರ್ಡಿಗಾಗಿ ನನ್ನ ಮಗಳು ಅನ್ವಿ ಸಲ್ಲಿಸಬೇಕಾದ ಪ್ರಸ್ತಾವದ ಕರಡನ್ನು ಮೇಲೆ ಹಾಕಿದ್ದೇನೆ. ಉದ್ಯಾನದಲ್ಲಿ ಪುಸ್ತಕದ ಪೆಟ್ಟಿಗೆ ಇಡಿಸುವ ಯೋಜನೆ ಇದು. ಅವಳಿಗೆ ಪರೀಕ್ಷೆಗಳಿರುವುದರಿಂದ ನಾನೇ ಕುಳಿತು ಬರೆದೆ. ದಯವಿಟ್ಟು ಓದಿ, ತಿದ್ದಿಕೊಡಿ.

ಸುಮಾ: ರಘು, ಎರಡು ಸಲ ಓದಿದೆ. ಭಾಷೆಯಲ್ಲಿ ತಿದ್ದುವಂಥದ್ದೇನೂ ಇಲ್ಲ. ಆದರೆ ಹದಿನಾರರ ಹುಡುಗಿಯ ದನಿ ಇದರ ಒಂದು ಸಾಲಿನಲ್ಲೂ ಕೇಳಿಸುವುದಿಲ್ಲ. ಇದನ್ನು ಕಳುಹಿಸಬೇಡ.

ಕಾರ್ತಿಕ್: ಸುಮಕ್ಕ, ನೀವು ತುಂಬಾ ಕಟ್ಟುನಿಟ್ಟಾಗಿ ನೋಡುತ್ತಿದ್ದೀರಿ. ಕಾಲೇಜಿನ ಅರ್ಜಿಯಲ್ಲಿ ಈ ಪ್ರಶಸ್ತಿಗೆ ಬೆಲೆಯಿದೆ, ಸೇನೆಗೆ ಸೇರುವವರಿಗಂತೂ ಇದರಿಂದ ಒಂದು ದರ್ಜೆ ಮೇಲಿನಿಂದಲೇ ಆರಂಭಿಸುವ ಅವಕಾಶವಿದೆ. ಇಷ್ಟು ದೊಡ್ಡ ವಿಷಯದಲ್ಲಿ ತಂದೆ ಕೈ ಜೋಡಿಸಿದರೆ ಅದನ್ನು ತಪ್ಪೆನ್ನಲಾಗದು.

ದೊಡ್ಡಪ್ಪ: ಹೋದ ವರ್ಷ ಮಗು ಕಳಿಸಿದ ಫೋಟೊದಲ್ಲಿ ಅಂಗಿಯ ಮೇಲಿನ ವೆಸ್ಟ್ ತುಂಬ ಬ್ಯಾಡ್ಜುಗಳಿದ್ದವಲ್ಲ. ಇದೂ ಅಂಥದ್ದೇ ಇನ್ನೊಂದಲ್ಲವೇನಮ್ಮ?

ಸುಮಾ: ಅಲ್ಲ ದೊಡ್ಡಪ್ಪ. ಬ್ಯಾಡ್ಜ್ ಎಂದರೆ ಒಂದು ವಿಷಯವನ್ನು ಕಲಿತದ್ದಕ್ಕೆ ಸಿಗುವ ಗುರುತು. ಪ್ರಥಮ ಚಿಕಿತ್ಸೆಯೋ ಡೇರೆ ಹಾಕುವುದೋ, ಅದಕ್ಕೆಂದು ಗೊತ್ತುಮಾಡಿದ ಕೆಲವು ಹಂತಗಳನ್ನು ಮುಗಿಸಿದರೆ ಅದು ಸಿಗುತ್ತದೆ. ಬ್ರಾಂಜ್, ಸಿಲ್ವರ್, ಗೋಲ್ಡ್ ಅವಾರ್ಡುಗಳ ದಾರಿಯೇ ಬೇರೆ. ನಾಲ್ಕು-ಐದನೆಯ ತರಗತಿಯ ಮಕ್ಕಳು ತಂಡವಾಗಿ ಬ್ರಾಂಜಿಗೆ ಸುಮಾರು 20 ಗಂಟೆ ದುಡಿಯುತ್ತಾರೆ, ಆರರಿಂದ ಎಂಟರವರೆಗಿನವರು ಸಿಲ್ವರಿಗೆ 50 ಗಂಟೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗಿರುವ ಗೋಲ್ಡನ್ನು ಹುಡುಗಿ ಒಬ್ಬಳೇ ಮುನ್ನಡೆಸಬೇಕು. ಅದಕ್ಕೆ ಸೂಚಿಸಿರುವುದು 80 ಗಂಟೆ. ಊರಿನ ಒಂದು ತೊಂದರೆಯನ್ನು ಅವಳೇ ಗುರುತಿಸಿ, ಅದರ ಬೇರು ಎಲ್ಲಿದೆಯೆಂದು ಹುಡುಕಿ, ತಾನು ಹೊರಟುಹೋದ ಮೇಲೂ ನಡೆಯುವಂಥ ವ್ಯವಸ್ಥೆಯನ್ನು ಕಟ್ಟಿಕೊಡಬೇಕು. ಗರ್ಲ್ ಸ್ಕೌಟ್ಸ್‌ನ ಸ್ಥಳೀಯ ಮಂಡಳಿಯಾದ ಕೌನ್ಸಿಲ್ ಪ್ರಸ್ತಾವವನ್ನು ಒಪ್ಪಿದ ಮೇಲೆಯೇ ಕೆಲಸ ಶುರು. ಸಲಹೆಗಾರರಾಗಿ ಸಹ ತಂದೆತಾಯಿಯನ್ನು ಇಟ್ಟುಕೊಳ್ಳುವಂತಿಲ್ಲ. ಕಾರ್ತಿಕ್, ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ರಘು: ಅಕ್ಕ, ನಿಯಮ ನನಗೂ ಗೊತ್ತು. ಬರೆದುಕೊಟ್ಟೆನೇ ಹೊರತು ಕೆಲಸವನ್ನು ಅವಳೇ ಮಾಡುತ್ತಾಳೆ.

ಸುಮಾ: ಏನು ಮಾಡಬೇಕೆಂದು ತೀರ್ಮಾನಿಸುವುದೇ ಆ ಕೆಲಸದ ಅರ್ಧ ಭಾಗ, ರಘು. ನನ್ನ ಹಿರಿಯ ಮಗಳ ಸಿಲ್ವರ್ ಅವಾರ್ಡಿನ ಸಮಯದಲ್ಲಿ ಇದೇ ತಪ್ಪನ್ನು ನಾನೂ ಮಾಡಿದ್ದೆ. ಚಿಟ್ಟೆಗಳಿಗಾಗಿ ಹೂದೋಟದ ಯೋಜನೆಯನ್ನು ಹಾಕಿದವಳು ನಾನು, ಗಿಡಗಳನ್ನು ಆರಿಸಿದವಳೂ ನಾನೇ. ಸಮಾರಂಭದ ದಿನ ಒಬ್ಬ ಅಜ್ಜಿ ಬಂದು, ಇದೇ ಗಿಡಗಳನ್ನು ಏಕೆ ಆರಿಸಿದೆಯೆಂದು ಅಕ್ಕರೆಯಿಂದ ಕೇಳಿದಾಗ, ಅವಳು ಉತ್ತರಿಸದೆ ನನ್ನ ಮುಖ ನೋಡಿದಳು. ಕೊರಳಪಟ್ಟಿಗೆ ಆಗತಾನೇ ಸಿಕ್ಕಿಸಿದ ಪಿನ್ನನ್ನು ಬೆರಳಿನಿಂದ ತಿರುಗಿಸುತ್ತಲೇ ಇದ್ದಳು. ಆಮೇಲೆ ಆ ಪಿನ್ನನ್ನು ಅವಳು ಒಮ್ಮೆಯೂ ಹಾಕಿಕೊಳ್ಳಲಿಲ್ಲ.

ಕಾರ್ತಿಕ್: ಅದು ನನಗೆ ತಿಳಿದಿರಲಿಲ್ಲ ಅಕ್ಕ. ಆದರೂ ಪುಸ್ತಕದ ಪೆಟ್ಟಿಗೆ ಒಳ್ಳೆಯ ಕೆಲಸವೇ ಅಲ್ಲವೇ?

ಸುಮಾ: ಒಳ್ಳೆಯ ಕೆಲಸವೇ. ಆದರೆ ಪೆಟ್ಟಿಗೆ ಖಾಲಿಯಾದರೆ ತುಂಬುವವರು ಯಾರು, ಅಲ್ಲಿನ ಮಕ್ಕಳಿಗೆ ಪುಸ್ತಕವೇ ಕೊರತೆಯೋ ಓದಿಸುವವರ ಕೊರತೆಯೋ ಎಂದು ಕೌನ್ಸಿಲಿನವರು ಕೇಳಿದರೆ ಅನ್ವಿ ಏನು ಹೇಳಿಯಾಳು? ಅವಳ ಮನಸ್ಸು ಅಲ್ಲಿಲ್ಲ. ಹೋದ ತಿಂಗಳು ನಮ್ಮ ಮನೆಗೆ ಬಂದಾಗ ಅವಳು ಒಂದು ಗಂಟೆ ಮಾತಾಡಿದ್ದು ಶಾಲೆಯ ಲಾಕರಿನ ಬೀಗದ ಬಗ್ಗೆ. ಬೇರೆ ದೇಶದಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಬೀಗದ ಅಂಕಿಗಳಿರುವ ಚಕ್ರವನ್ನು ಮೊದಲು ಬಲಕ್ಕೆ, ಮತ್ತೆ ಎಡಕ್ಕೆ, ಪುನಃ ಬಲಕ್ಕೆ ತಿರುಗಿಸಬೇಕೆಂಬುದು ಗೊತ್ತಿರಲಿಲ್ಲವಂತೆ. ಕೇಳಲು ಭಾಷೆಯೂ ಇಲ್ಲದೆ, ಎರಡು ವಾರ ಎಲ್ಲ ಪುಸ್ತಕಗಳನ್ನೂ ಬೆನ್ನ ಮೇಲೆ ಹೊತ್ತು ತಿರುಗಿದಳಂತೆ. ಅನ್ವಿ ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ತಿರುಗಿಸಿ ತೋರಿಸಿದಳಂತೆ. ಅಂಥವರು ಇನ್ನೂ ಎಷ್ಟು ಜನರಿದ್ದಾರೆ, ಮೊದಲ ವಾರ ಅವರ ಜೊತೆ ಯಾರು ಇರಬೇಕು ಎಂದು ಪಟ್ಟಿ ಮಾಡತೊಡಗಿದ್ದಾಳೆ. ಪ್ರತಿ ವರ್ಷ ಹಿರಿಯ ವಿದ್ಯಾರ್ಥಿಗಳು ಮುಂದಿನವರಿಗೆ ಕೈದಾಟಿಸುವಂತೆ ಇದನ್ನು ಕಟ್ಟಿದರೆ, ಗೋಲ್ಡ್ ಅವಾರ್ಡು ಕೇಳುವುದೆಲ್ಲ ಅದರಲ್ಲಿದೆ.

ದೊಡ್ಡಪ್ಪ: ರಘು, ಮಗು ತನ್ನ ಮಾತಿನಲ್ಲಿ ಬರೆಯಲಿ. ತಪ್ಪಿದ್ದರೂ ಪರವಾಗಿಲ್ಲ.

ರಘು: ಸಮಯ ಸಾಲದಿದ್ದರೆ?

ಸುಮಾ: ಅವಳು ಈಗಿನ್ನೂ ಹನ್ನೊಂದನೆಯ ತರಗತಿ. ಹನ್ನೆರಡನೆಯದನ್ನು ಮುಗಿಸಿದ ವರ್ಷದ ಸೆಪ್ಟೆಂಬರ್ 30ರವರೆಗೂ ಗಡುವಿದೆ, ಆದರೂ ನಿಮ್ಮ ಕೌನ್ಸಿಲಿನ ದಿನಾಂಕಗಳನ್ನು ಅವಳೇ ವಿಚಾರಿಸಲಿ. ನೀನು ಕಾರಿನಲ್ಲಿ ಕರೆದುಕೊಂಡು ಹೋಗು, ಕೇಳಿದಾಗ ಓದಿ ಅರ್ಥವಾಗದ ಕಡೆ ಗುರುತು ಹಾಕು. ಪೆನ್ನು ಮಾತ್ರ ಅವಳ ಕೈಯಲ್ಲಿರಲಿ.

ರಘು: ಕರಡನ್ನು ಗುಂಪಿನಿಂದ ಅಳಿಸಿದ್ದೇನೆ. ಅಕ್ಕ, ಆ ಬೀಗದ ವಿಷಯವನ್ನು ಅವಳು ನನಗೆ ಹೇಳಿಯೇ ಇರಲಿಲ್ಲ. ಇವತ್ತು ಸಂಜೆ ಕೇಳುತ್ತೇನೆ.