ಐವತ್ತು ದಾಟಿದ ಮೇಲೆ ಮತ್ತೆ ಓಟ: ಹಳೆಯ ಟೈಮ್ ಸಿಗುತ್ತಾ?

ಪ್ರಶ್ನೆ: ಬೆಂಗಳೂರು, 53 ವರ್ಷ

2008ರಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ (10 ಕಿ.ಮೀ. ಓಟದ ಸ್ಪರ್ಧೆ) ಮೊದಲ ಸಲ ನಡೆದಾಗ ನನಗೆ 35. ಆಗ 49 ನಿಮಿಷದಲ್ಲಿ ಮುಗಿಸಿದ್ದೆ. ಆಮೇಲೆ ಕೆಲಸ, ಮಕ್ಕಳ ಓದು, ಅಪ್ಪನ ಕಾಯಿಲೆ ಅಂತ ಓಟ ನಿಂತೇ ಹೋಯಿತು. ಈಗ ಮತ್ತೆ ಶುರು ಮಾಡಿದ್ದೇನೆ. ಹೋದ ವಾರ 10 ಕಿ.ಮೀ.ಗೆ 1 ಗಂಟೆ 9 ನಿಮಿಷ ಆಯಿತು. ನನ್ನದೇ ವಯಸ್ಸಿನ ಗೆಳೆಯ 54 ನಿಮಿಷದಲ್ಲಿ ಮುಗಿಸಿ ಎಳನೀರು ಕುಡಿಯುತ್ತಾ ನಿಂತಿದ್ದ. ನನಗೆ ಉಸಿರು ಪರವಾಗಿಲ್ಲ, ಮೀನಖಂಡ ಮಾತ್ರ ಎರಡು ಮೂರು ದಿನ ಬಿಗಿದುಕೊಂಡಿತ್ತು.

ಹಳೆಯ ಟೈಮ್ ಮತ್ತೆ ಸಿಗುತ್ತಾ? ಎಷ್ಟಕ್ಕೆ ಆಸೆ ಪಡಬಹುದು? ಓಡಿದರೆ ಮಂಡಿ ಸವೆಯುತ್ತೆ ಅಂತ ಮನೆಯಲ್ಲಿ ಹೇಳುತ್ತಾರೆ, ಅದು ನಿಜವಾ? ಐವತ್ತರ ಮೇಲೆ ಓಟಕ್ಕೆ ಮರಳಿದವರು ದಯವಿಟ್ಟು ಹೇಳಿ. ನಿಮ್ಮ ಟೈಮ್ ಎಷ್ಟು ಅಂತಲೂ ಬರೆಯಿರಿ, ಸಂಕೋಚ ಬೇಡ.

ಮೈಸೂರು, 58 ವರ್ಷ

ಟೈಮ್ ಮೊದಲು ಹೇಳಿಬಿಡುತ್ತೇನೆ. ಮೂವತ್ತರ ಆಸುಪಾಸಿನಲ್ಲಿ 10 ಕಿ.ಮೀ.ಗೆ 46 ನಿಮಿಷ ಓಡುತ್ತಿದ್ದೆ. ಹದಿನೈದು ವರ್ಷಕ್ಕೂ ಜಾಸ್ತಿ ಬಿಟ್ಟು, 51ರಲ್ಲಿ ಮರಳಿದಾಗ 1 ಗಂಟೆ 6 ನಿಮಿಷ. 54ರಲ್ಲಿ 53 ನಿಮಿಷ. ಈಗ 56 ನಿಮಿಷದ ಹತ್ತಿರ. 46 ಮತ್ತೆ ಬಂದಿಲ್ಲ, ಬರುವುದೂ ಇಲ್ಲ. ಆದರೂ ನನ್ನ ಲೆಕ್ಕದಲ್ಲಿ 54ರ ವಯಸ್ಸಿನ ಆ 53 ನಿಮಿಷ ಹಳೆಯ 46ಕ್ಕೆ ಏನೂ ಕಡಿಮೆ ಇಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ಮೀನಖಂಡದ ವಿಷಯ.

ಉಸಿರು ಪರವಾಗಿಲ್ಲ, ಮೀನಖಂಡ ಬಿಗಿದಿತ್ತು ಅಂತ ಬರೆದಿದ್ದೀರಲ್ಲ, ಎಲ್ಲಕ್ಕಿಂತ ಮುಖ್ಯ ಅದೇ. ಓಟ ಬಿಟ್ಟವರು ಮರಳಿದಾಗ ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಹಿಮ್ಮಡಿಯ ಮೇಲಿನ ಅಕಿಲೀಸ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಮೀನಖಂಡದ ಸ್ನಾಯು, ಪಾದದ ಅಡಿಯ ಪಟ್ಟಿ, ಮೂಳೆ ಇವಕ್ಕೆಲ್ಲ ತಿಂಗಳುಗಳು ಬೇಕು. ಟೆಂಡನ್‌ಗೆ ರಕ್ತದ ಹರಿವೇ ಕಡಿಮೆ. ವಯಸ್ಸಾದಂತೆ ಅದು ರಿಪೇರಿ ಆಗುವ ವೇಗವೂ ಇಳಿಯುತ್ತದೆ. ಹೊಸದಾಗಿ ಓಡುವವರಿಗಿಂತ ಹಳೆಯ ಓಟಗಾರರಿಗೇ ಇಲ್ಲಿ ಅಪಾಯ ಜಾಸ್ತಿ. ಹೊಸಬರು ಹೆದರಿ ನಿಧಾನ ಹೋಗುತ್ತಾರೆ. ನಮ್ಮಂಥವರಿಗೆ ಹಳೆಯ ವೇಗ ತಲೆಯಲ್ಲಿ ಕೂತಿರುತ್ತದೆ, ಉಸಿರೂ ಸಾಥ್ ಕೊಡುತ್ತದೆ. ಒಂದು ಬೆಳಿಗ್ಗೆ ಮೀನಖಂಡದಲ್ಲಿ ಯಾರೋ ಕಲ್ಲು ಹೊಡೆದ ಹಾಗೆ ಚಳಕ್ ಅನ್ನುತ್ತದೆ. ಅಲ್ಲಿಗೆ ಆರು ವಾರ ಮನೆ. ನಮ್ಮ ಗುಂಪಿನಲ್ಲಿ ಐವತ್ತರ ಮೇಲೆ ಬಂದವರಲ್ಲಿ ಓಟ ಬಿಟ್ಟುಹೋದವರು ಹೆಚ್ಚಿನವರು ಹೀಗೇ ಹೋದವರು. ಉಸಿರು ಸಾಲದೆ ಬಿಟ್ಟವರನ್ನು ನಾನು ಕಂಡಿಲ್ಲ.

ಹಾಗಾಗಿ ಮೊದಲ ಮೂರು ತಿಂಗಳು ಗಡಿಯಾರದ ಕಡೆ ನೋಡಬೇಡಿ. ನಾನು ಶುರು ಮಾಡಿದ್ದು ಕುಕ್ಕರಹಳ್ಳಿ ಕೆರೆಯ ಸುತ್ತ, ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮಣ್ಣಿನ ದಾರಿ, ನೆರಳು, ಹಕ್ಕಿಗಳು. ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ನಡುನಡುವೆ ನಡೆಯುವುದು ಅವಮಾನ ಅಂತ ಅಂದುಕೊಳ್ಳಬೇಡಿ. ಆ ವಿಧಾನವನ್ನು ಜನಪ್ರಿಯ ಮಾಡಿದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ವಾರಕ್ಕೆ ಮೂರು ದಿನ ಓಟ ಸಾಕು, ಎರಡು ಓಟಗಳ ನಡುವೆ ಒಂದು ದಿನ ಬಿಡುವು ಇರಲೇಬೇಕು. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ.

ಇದರ ಜೊತೆ ತಪ್ಪದೆ ಮಾಡಬೇಕಾದ್ದು ಹಿಮ್ಮಡಿ ಇಳಿಸುವ ವ್ಯಾಯಾಮ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು ನಿಲ್ಲಿ. ಎರಡೂ ಕಾಲಲ್ಲಿ ಮೇಲೇರಿ, ಒಂದೇ ಕಾಲಲ್ಲಿ ನಿಧಾನವಾಗಿ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಿ. ಒಮ್ಮೆ ಮಂಡಿ ನೇರ ಇಟ್ಟು, ಇನ್ನೊಮ್ಮೆ ಸ್ವಲ್ಪ ಬಗ್ಗಿಸಿ. ಸ್ವೀಡನ್ನಿನ ವೈದ್ಯ ಆಲ್ಫ್ರೆಡ್ಸನ್ 1998ರಲ್ಲಿ ಅಕಿಲೀಸ್ ನೋವಿಗೆ ಇದನ್ನೇ 12 ವಾರ ಮಾಡಿಸಿ ಫಲ ಕಂಡರು. ಒಂದು ಸಲಕ್ಕೆ 15ರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು. ನೋವಿಲ್ಲದವರು ಅಷ್ಟು ಮಾಡಬೇಕಾಗಿಲ್ಲ, ವಾರಕ್ಕೆ ಮೂರು ನಾಲ್ಕು ದಿನ ಸಾಕು. ನಾನು ಈಗಲೂ ಮನೆಯ ಮೆಟ್ಟಿಲ ಮೇಲೆ ನಿಂತು ಮಾಡುತ್ತೇನೆ, ಕಾಫಿ ಕಾಯುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ.

ಮಂಡಿಯ ಭಯ ಬಿಡಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ಒಂದು ವರದಿಯಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಹವ್ಯಾಸಿ ಓಟಗಾರರಲ್ಲಿ ಶೇ 3.5, ಓಡದೆ ಕೂತವರಲ್ಲಿ ಶೇ 10.2 ಇತ್ತು. ಸ್ಪರ್ಧೆಗಾಗಿಯೇ ತುಂಬ ಓಡುವವರಲ್ಲಿ ಮಾತ್ರ ಶೇ 13.3. ನಾವು ಮೊದಲ ಗುಂಪಿನವರು. ಮನೆಯವರಿಗೆ ಈ ಅಂಕಿ ತೋರಿಸಿ. ಆದರೆ ಮಂಡಿಗೆ ಹಳೆಯ ಪೆಟ್ಟು ಇದ್ದರೆ, ಊದಿಕೊಳ್ಳುತ್ತಿದ್ದರೆ, ಅದು ಬೇರೆ ಮಾತು. ಡಾಕ್ಟರಿಗೆ ತೋರಿಸಿಯೇ ಓಡಬೇಕು.

ಇನ್ನು ಗೆಳೆಯನ ವಿಷಯ. ಅವರು ಇಷ್ಟು ವರ್ಷ ಓಟ ಬಿಡದೆ ಇದ್ದವರಾ? ಹಾಗಿದ್ದರೆ ಅವರ 54ನ್ನೂ ನಿಮ್ಮ 69ನ್ನೂ ಪಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ನಿಮಗೆ ಸರಿಯಾದ ಹೋಲಿಕೆ 2008ರ ನೀವೇ. ಆದರೆ ವಯಸ್ಸಿನ ಲೆಕ್ಕ ಕಳೆದು ನೋಡಬೇಕು. ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್‌ನವರ (ಹಿರಿಯ ಓಟಗಾರರ ವಿಶ್ವ ಸಂಸ್ಥೆ) ವಯೋ ಕೋಷ್ಟಕ ಇದಕ್ಕೇ ಇರುವುದು. ಅದರಲ್ಲಿ 50ರ ಗಂಡಸಿಗೆ 10 ಕಿ.ಮೀ.ನಲ್ಲಿ ಸಮಯದ ಸುಮಾರು ಹತ್ತನೇ ಒಂದು ಭಾಗ ರಿಯಾಯಿತಿ ಸಿಗುತ್ತದೆ, 60ಕ್ಕೆ ಐದನೇ ಒಂದು ಭಾಗದ ಹತ್ತಿರ. ಆ ಲೆಕ್ಕದಲ್ಲಿ ನಿಮ್ಮ 35ರ 49 ನಿಮಿಷಕ್ಕೆ 53ರಲ್ಲಿ ಸಮ ಅಂದರೆ 55–56 ನಿಮಿಷ. ನಿಮ್ಮ ಗುರಿ ಅದು. ಅದು ಸಿಕ್ಕ ದಿನ ಹಳೆಯ ಟೈಮ್ ಸಿಕ್ಕಿತು ಅಂತಲೇ ಹೇಳಿಕೊಳ್ಳಿ, ಅದರಲ್ಲಿ ಸುಳ್ಳೇನೂ ಇಲ್ಲ.

ಇಂಗ್ಲೆಂಡಿನ ರೆಡಿಂಗ್, ಊರು ಶಿವಮೊಗ್ಗ, 61 ವರ್ಷ

ಮೈಸೂರಿನವರು ಹೇಳಿದ ವಯಸ್ಸಿನ ಲೆಕ್ಕ ನನ್ನನ್ನು ಓಟದಲ್ಲಿ ಉಳಿಸಿದೆ. ಇಲ್ಲಿ ಶನಿವಾರ ಬೆಳಿಗ್ಗೆ 9ಕ್ಕೆ ಪಾರ್ಕ್‌ರನ್ ಅಂತ 5 ಕಿ.ಮೀ. ಓಟ ಇರುತ್ತದೆ, ದುಡ್ಡಿಲ್ಲ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಶುರುವಾದದ್ದು. ಫಲಿತಾಂಶದಲ್ಲಿ ನಿಮ್ಮ ಟೈಮಿನ ಪಕ್ಕದಲ್ಲೇ ವಯಸ್ಸಿಗೆ ತಕ್ಕ ಶೇಕಡಾವಾರು ಬರುತ್ತದೆ, ಅಂದರೆ ನಿಮ್ಮ ವಯಸ್ಸಿನ ಅತ್ಯುತ್ತಮ ಓಟಕ್ಕೆ ಹೋಲಿಸಿದರೆ ನೀವು ಎಷ್ಟು ಪಾಲು ಅಂತ. ನಾನು 45ರಲ್ಲಿ 24 ನಿಮಿಷ ಓಡುತ್ತಿದ್ದೆ, ಶೇ 58ರ ಆಸುಪಾಸು. ನಡುವೆ ಬೆನ್ನು ನೋವಿನಿಂದ ಓಟ ಬಿಟ್ಟು 56ರಲ್ಲಿ ಮರಳಿದೆ. ಈಗ 26 ನಿಮಿಷ 40 ಸೆಕೆಂಡ್, ಶೇ 59ರ ಹತ್ತಿರ. ಟೈಮ್ ನೋಡಿದರೆ ಹಿಂದೆ ಬಿದ್ದಿದ್ದೇನೆ, ಶೇಕಡಾ ನೋಡಿದರೆ ಒಂದು ಕೂದಲಷ್ಟು ಮುಂದಿದ್ದೇನೆ. ಆ ಕೂದಲಷ್ಟಕ್ಕೆ ಶನಿವಾರ ಪೂರ್ತಿ ಖುಷಿ. ಶೇ 60 ದಾಟಿದರೆ ಸ್ಥಳೀಯ ಮಟ್ಟದ ಒಳ್ಳೆಯ ಓಟ, 70 ಪ್ರಾದೇಶಿಕ, 80 ರಾಷ್ಟ್ರ ಮಟ್ಟ ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಮರಳಿ ಬರುವವರಿಗೆ ನಾನು ಯಾವಾಗಲೂ ಹೇಳುವ ಹೆಸರು ಎಡ್ ವಿಟ್ಲಾಕ್. ಲಂಡನ್ ಕಡೆಯವರು. ಹುಡುಗನಾಗಿದ್ದಾಗ ಚೆನ್ನಾಗಿ ಓಡುತ್ತಿದ್ದರು. ಕೆನಡಾಕ್ಕೆ ಹೋದ ಮೇಲೆ ಓಟ ನಿಂತು, ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದರು. 2004ರಲ್ಲಿ, 73ರ ವಯಸ್ಸಿನಲ್ಲಿ, ಟೊರಾಂಟೊದಲ್ಲಿ ಮ್ಯಾರಥಾನ್ (42 ಕಿ.ಮೀ. ಚಿಲ್ಲರೆ) ಮುಗಿಸಿದ್ದು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ. 85ರಲ್ಲೂ ನಾಲ್ಕು ಗಂಟೆಯ ಒಳಗೆ ಓಡಿದರು. ಅಭ್ಯಾಸಕ್ಕೆ ಅವರ ಜಾಗ ಮನೆ ಹತ್ತಿರದ ಸ್ಮಶಾನ, ಅಲ್ಲೇ ಗಂಟೆಗಟ್ಟಲೆ ನಿಧಾನವಾಗಿ ಸುತ್ತು ಹಾಕುತ್ತಿದ್ದರು. ಅವರಷ್ಟು ನಮಗೆ ಆಗದು. ಆ ನಿಧಾನವನ್ನಂತೂ ಯಾರು ಬೇಕಾದರೂ ಕಲಿಯಬಹುದು.

ಧಾರವಾಡ, 56 ವರ್ಷ

ಇಲ್ಲಿವರೆಗೆ ಬರೀ ಗಂಡಸರ ಮಾತು ಬಂದಿದೆ. ಹೆಣ್ಣುಮಕ್ಕಳ ಕಡೆಯಿಂದ ನಾನು ಹೇಳುತ್ತೇನೆ. ಕಾಲೇಜಿನಲ್ಲಿ 800 ಮೀಟರ್ ಓಡುತ್ತಿದ್ದೆ. ಮದುವೆಯಾದ ಮೇಲೆ ಬೂಟು ಮುಟ್ಟಲಿಲ್ಲ. ಮಗಳು ಕೆಲಸಕ್ಕೆ ಸೇರಿದ ಮೇಲೆ, 52ರಲ್ಲಿ, ಮತ್ತೆ ಶುರು. ಈಗ 5 ಕಿ.ಮೀ.ಗೆ 36 ನಿಮಿಷ, ಒಂದು ಹಾಫ್ ಮ್ಯಾರಥಾನ್ 2 ಗಂಟೆ 50.

ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಅನ್ನುವ ಹಾರ್ಮೋನ್ ಇಳಿಯುತ್ತದೆ. ಅದರ ಜೊತೆಗೆ ಮೂಳೆಯ ಸಾಂದ್ರತೆ ಬೇಗ ಕರಗುತ್ತದೆ, ಸ್ನಾಯುವೂ ಕರಗುತ್ತದೆ. ಓಟ ಮೂಳೆಗೆ ಒಳ್ಳೆಯದು, ಆದರೆ ಅದೊಂದೇ ಸಾಲದು. ಭಾರ ಎತ್ತಲೇಬೇಕು. ನಾನು ವಾರಕ್ಕೆ ಎರಡು ದಿನ ಡಂಬೆಲ್ ಹಿಡಿದು ಬಸ್ಕಿ ಹೊಡೆಯುತ್ತೇನೆ. ಶುರುವಿನಲ್ಲಿ ಮನೆಯಲ್ಲಿ ‘ಈ ವಯಸ್ಸಿನಾಗ ಇದೇನು’ ಅಂದರು. ಈಗ ಗ್ಯಾಸ್ ಸಿಲಿಂಡರ್ ಸರಿಸಲು ನನ್ನನ್ನೇ ಕರೆಯುತ್ತಾರೆ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವು ಮೂರು ಹೊತ್ತಿಗೂ ಹಂಚಿ ಬರಲಿ. ಬರೀ ರೊಟ್ಟಿ, ಅನ್ನದಲ್ಲಿ ಸ್ನಾಯು ಕಟ್ಟುವುದಿಲ್ಲ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯ. ಓಡುವಾಗ, ಕೆಮ್ಮಿದಾಗ ಮೂತ್ರ ಸೋರುವುದು. ಹೆರಿಗೆಯಾದ ಎಷ್ಟೋ ಹೆಂಗಸರು ಇದೇ ಕಾರಣಕ್ಕೆ ಓಟ ಬಿಡುತ್ತಾರೆ, ಕಾರಣ ಬೇರೆ ಹೇಳುತ್ತಾರೆ. ಇದಕ್ಕೆ ಉಪಾಯ ಇದೆ. ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು) ಇದೆ. ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತು ಮೂರು ತಿಂಗಳು ಬಿಡದೆ ಮಾಡಿ. ನನಗೆ ತುಂಬ ಫರಕು ಬಿತ್ತು. ನಾಚಿಕೊಂಡು ಓಟ ಬಿಡಬೇಡಿ.

ನಾನು ಓಡುವುದು ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ. ಅಲ್ಲಿ ಏರು ಜಾಸ್ತಿ. ಏರಿನಲ್ಲಿ 36 ನಿಮಿಷ ಓಡುವವಳು ಸಪಾಟು ರಸ್ತೆಯಲ್ಲಿ ಇನ್ನೂ ಬೇಗ ಮುಗಿಸುತ್ತಾಳೆ. ಟೈಮ್ ಹೋಲಿಸುವಾಗ ದಾರಿ ಎಂಥದ್ದು, ಬಿಸಿಲು ಎಷ್ಟಿತ್ತು ಅಂತ ಕೇಳದೆ ಹೋಲಿಸಬೇಡಿ. ಮಂಗಳೂರಿನ ಸೆಕೆಯಲ್ಲಿ ಓಡಿದ ಟೈಮನ್ನು ಬೆಂಗಳೂರಿನ ತಂಪಿನ ಟೈಮಿನ ಪಕ್ಕ ಇಡುವುದು ಅನ್ಯಾಯ.

ದಾವಣಗೆರೆ, 55 ವರ್ಷ

ಬಿಪಿ, ಸಕ್ಕರೆ ಎರಡೂ ಇರುವವನು ನಾನು. ಶುರು ಮಾಡುವ ಮೊದಲು ಡಾಕ್ಟರ್ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ, ಕೊಲೆಸ್ಟ್ರಾಲ್ ಎಲ್ಲ ನೋಡಿದರು. ನಮ್ಮಲ್ಲಿ ಹೃದಯದ ಕಾಯಿಲೆ ಪಾಶ್ಚಾತ್ಯರಿಗಿಂತ ಬೇಗ ಬರುತ್ತದೆ, ಹಾಗಾಗಿ ಇದನ್ನು ಬಿಡಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಬಿಪಿ ಮಾತ್ರೆ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಅದನ್ನು ತೆಗೆದುಕೊಳ್ಳುವವರಿಗೆ ವಾಚಿನ ಬಡಿತದ ಲೆಕ್ಕ, ಗರಿಷ್ಠ ಬಡಿತಕ್ಕೆ 220ರಲ್ಲಿ ವಯಸ್ಸು ಕಳೆಯುವ ಸೂತ್ರ, ಯಾವುದೂ ಹೊಂದುವುದಿಲ್ಲ. ಮಾತಾಡಲು ಆಗುತ್ತಾ ಅಂತ ನೋಡುವುದೇ ದಾರಿ. ಗ್ಲಿಮೆಪಿರೈಡ್ ಅನ್ನುವ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರಿಗೆ ಓಡುವಾಗ ಸಕ್ಕರೆ ಇಳಿದುಬಿಡಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಡೋಸ್ ಬಗ್ಗೆ ಡಾಕ್ಟರನ್ನು ಕೇಳಿ. ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಡುವ ನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿ, ಆಸ್ಪತ್ರೆಗೆ ಹೋಗಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮನೆಗೆ ಹೋಗಬೇಡಿ. ನನ್ನ 10ಕೆ ಟೈಮ್ 1 ಗಂಟೆ 18 ನಿಮಿಷ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) 8.1ರಿಂದ 6.7ಕ್ಕೆ ಇಳಿದಿದೆ. ನನಗೆ ಈ ಎರಡನೇ ಅಂಕಿ ಹೆಚ್ಚು.

ಬೆಂಗಳೂರು, ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ಗೆಳೆಯ ಓಟ ಬಿಟ್ಟೇ ಇರಲಿಲ್ಲ. 55–56 ಅನ್ನುವ ಸಂಖ್ಯೆ ನೋಡಿ ಹುರುಪು ಬಂತು. ಮುಂದಿನ ಏಪ್ರಿಲ್‌ನ 10ಕೆಗೆ ಹೆಸರು ಕೊಡಲಾ? ಇನ್ನೂ ಎಂಟು ತಿಂಗಳಿದೆ. ಅಷ್ಟರಲ್ಲಿ 56 ಆಗುತ್ತಾ? ಓಟದ ದಿನ ಮುಂಚೆಯೇ ಒಂದು ನೋವಿನ ಮಾತ್ರೆ ತೆಗೆದುಕೊಂಡರೆ ಮೀನಖಂಡಕ್ಕೆ ಒಳ್ಳೆಯದು ಅಂತ ಒಬ್ಬರು ಹೇಳಿದರು.

ಮೈಸೂರು, 58 ವರ್ಷ

ಹೆಸರು ಕೊಡಿ. ನೋವಿನ ಮಾತ್ರೆ ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತಿಂದು, ಬೆವರಿ ನೀರಿಳಿದ ಮೈಯಲ್ಲಿ ಓಡಿದರೆ ಕಿಡ್ನಿಗೆ ಪೆಟ್ಟು. ನೋವು ಅನ್ನುವುದು ನಿಲ್ಲು ಅಂತ ಹೇಳುವ ಸೂಚನೆ, ಮಾತ್ರೆ ಅದನ್ನೂ ಮುಚ್ಚಿಬಿಡುತ್ತದೆ. ಮಾತ್ರೆ ಇಲ್ಲದೆ ಓಡಲು ಆಗದಿದ್ದರೆ ಆ ದಿನ ಓಡಬಾರದು.

ಏಪ್ರಿಲ್‌ಗೆ 56 ಬೇಡ, 62 ಇಟ್ಟುಕೊಳ್ಳಿ. ನನಗೆ 66ರಿಂದ 53ಕ್ಕೆ ಇಳಿಯಲು ಮೂರು ವರ್ಷ ಹಿಡಿಯಿತು. ಮೊದಲ ಮೂರು ತಿಂಗಳು ನಿಧಾನ. ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದೇ ಒಂದು ದಿನ ಸ್ವಲ್ಪ ಜೋರು, ಅದೂ ಮೀನಖಂಡ ಸುಮ್ಮನಿದ್ದರೆ ಮಾತ್ರ. ಫೆಬ್ರವರಿ ಕೊನೆಗೆ 5 ಕಿ.ಮೀ. ಒಮ್ಮೆ ಪೂರ್ತಿ ಶಕ್ತಿ ಹಾಕಿ ಓಡಿ ನೋಡಿ. ಆ ಟೈಮನ್ನು 2.085ರಿಂದ ಗುಣಿಸಿದರೆ 10 ಕಿ.ಮೀ. ಟೈಮಿನ ಅಂದಾಜು ಸಿಗುತ್ತದೆ. ರೀಗಲ್ ಅನ್ನುವ ಅಮೆರಿಕದ ಎಂಜಿನಿಯರ್ ಕೊಟ್ಟ ಸೂತ್ರ ಅದು. 5 ಕಿ.ಮೀ. 30 ನಿಮಿಷಕ್ಕೆ ಸ್ವಲ್ಪ ಒಳಗೆ ಬಂದರೆ 62 ನಿಮ್ಮ ಕೈಗೆಟಕುತ್ತದೆ. 32 ಬಂದರೆ ಗುರಿಯನ್ನು 66–67ಕ್ಕೆ ಬದಲಾಯಿಸಿ.

ಓಟದ ದಿನ ಮೊದಲ ಎರಡು ಕಿ.ಮೀ. 6:25ರ ವೇಗದಲ್ಲಿ (ಒಂದು ಕಿ.ಮೀ.ಗೆ 6 ನಿಮಿಷ 25 ಸೆಕೆಂಡ್) ಹೋಗಿ. ಸುತ್ತ ಎಲ್ಲರೂ ನುಗ್ಗುತ್ತಾರೆ, ಬಿಡಿ. ಉಳಿದ ಎಂಟನ್ನು 6:10ರ ಆಸುಪಾಸಿನಲ್ಲಿ ಓಡಿದರೆ 62 ಆಯಿತು. ವಾಚಿನಲ್ಲಿ 10 ಕಿ.ಮೀ. ಅಂತ ತೋರಿಸಿದಾಗ ಮುಕ್ತಾಯದ ಗೆರೆ ಇನ್ನೂ ದೂರ ಇರಬಹುದು. ದಾರಿಯನ್ನು ಅಳೆಯುವುದು ತಿರುವುಗಳ ಅತಿ ಹತ್ತಿರದ ಗೆರೆಯಲ್ಲಿ, ನಾವು ಜನರ ನಡುವೆ ಅಡ್ಡಾಡುತ್ತಾ ನೂರು ಇನ್ನೂರು ಮೀಟರ್ ಜಾಸ್ತಿಯೇ ಓಡಿರುತ್ತೇವೆ. ಮರ, ಕಟ್ಟಡದ ಅಡಿಯಲ್ಲಿ ಜಿಪಿಎಸ್ ಕೂಡ ತಪ್ಪುತ್ತದೆ. ಗನ್ ಟೈಮೂ (ಓಟಕ್ಕೆ ಚಾಲನೆ ಕೊಟ್ಟ ಕ್ಷಣದಿಂದ ಎಣಿಸಿದ ಟೈಮ್) ಬೇಡ, ಹಿಂದಿನ ಸಾಲಿನಲ್ಲಿ ನಿಂತವರಿಗೆ ಆರಂಭದ ಗೆರೆ ಮುಟ್ಟಲೇ ಎಷ್ಟೋ ನಿಮಿಷ ಹಿಡಿಯುತ್ತದೆ. ಎದೆಯ ಮೇಲಿನ ನಂಬರ್ ಚೀಟಿಯ (ಬಿಬ್) ಚಿಪ್ ಗೆರೆಯಿಂದ ಗೆರೆಗೆ ಎಣಿಸಿ ಕೊಡುವ ಟೈಮನ್ನೇ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ವಯಸ್ಸನ್ನೂ ಬರೆಯಿರಿ.