[ಪದಚರ್ಚೆ] ‘ಪರಿಹಾರ ಕೇಂದ್ರಿತ’ ಬೇಡವೆಂದರೆ ಮತ್ತೇನು? ಸೋಮವಾರ ಸಂಜೆಯೊಳಗೆ ಬೇಕು

ತೀರ್ಥಹಳ್ಳಿಯಿಂದ, ಶುಕ್ರವಾರ ರಾತ್ರಿ

ಬಲ್ಲವರಿಗೆ ನಮಸ್ಕಾರ. ಆಪ್ತಸಲಹೆಯ ಕೊಠಡಿಯೊಂದಕ್ಕೆ 4 ಅಡಿ ಅಗಲದ ಬೋರ್ಡು, ಜೊತೆಗೆ ಮೂರು ಮಡಿಕೆಯ ಕರಪತ್ರ ಸಿದ್ಧವಾಗಬೇಕು. ಸೋಮವಾರ ಸಂಜೆ ಶಿವಮೊಗ್ಗದ ಪ್ರೆಸ್ಸಿಗೆ ಹೋಗುತ್ತದೆ. ವಿಷಯ ‘ಸೊಲ್ಯೂಷನ್ ಫೋಕಸ್ಡ್ ಬ್ರೀಫ್ ಥೆರಪಿ’, ಎಂದರೆ ಸಮಸ್ಯೆಯ ಮೂಲ ಕೆದಕದೆ, ಮುಂದೇನು ಬೇಕೆಂಬುದನ್ನು ಕೆಲವೇ ಭೇಟಿಗಳಲ್ಲಿ ಮಾತಾಡಿ ಕಂಡುಕೊಳ್ಳುವ ಆಪ್ತಸಲಹೆ. ಅಮೆರಿಕದ ಮಿಲ್ವಾಕಿಯಲ್ಲಿ 1978ರಲ್ಲಿ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ಮತ್ತು ಸಂಗಡಿಗರು ಶುರುಮಾಡಿದ ಕೇಂದ್ರದಲ್ಲಿ ಬೆಳೆದ ಪದ್ಧತಿ ಇದು.

ಕರಡಿನಲ್ಲಿ ಈಗ ‘ಪರಿಹಾರ ಕೇಂದ್ರಿತ ಅಲ್ಪಾವಧಿ ಚಿಕಿತ್ಸೆ’ ಎಂದಿದೆ. ನಮ್ಮ ಕಡೆ ‘ಪರಿಹಾರ’ ಅಂದರೆ ಅಡಿಕೆಯ ಕೊಳೆರೋಗಕ್ಕೆ ಅರ್ಜಿ ಹಾಕಿ ಕಾಯುವ ದುಡ್ಡು. ಸಾಗರ, ಹೊಸನಗರಕ್ಕೆ ಹೋದರೆ ಲಿಂಗನಮಕ್ಕಿ ಮುಳುಗಡೆಯ ಕಾಲದಿಂದ ಬಗೆಹರಿಯದ ಸಂಗತಿ. ಅದೂ ಅಲ್ಲದಿದ್ದರೆ ಜ್ಯೋತಿಷಿಗಳ ಬೋರ್ಡಿನ ‘ಸಕಲ ದೋಷ ಪರಿಹಾರ’. ‘ಅಲ್ಪಾವಧಿ’ ಎಂದ ಕೂಡಲೇ ಸೊಸೈಟಿಯ ಬೆಳೆಸಾಲ ನೆನಪಾಗುತ್ತದೆ. ಎರಡನ್ನೂ ಒಂದೇ ಬೋರ್ಡಿನಲ್ಲಿ ಓದಿದವರು ಪಹಣಿ ಹಿಡಿದುಕೊಂಡು ಬಂದರೆ ಅವರ ತಪ್ಪಲ್ಲ.

ಹಿಂದಿಯ ‘ಸಮಾಧಾನ್’ ನೋಡಿ ‘ಸಮಾಧಾನ ಕೇಂದ್ರಿತ’ ಎಂದು ಒಬ್ಬರು ಸೂಚಿಸಿದ್ದಾರೆ. ಕನ್ನಡದಲ್ಲಿ ಸಮಾಧಾನ ಮಾಡುವುದು ಎಂದರೆ ಸಂತೈಸುವುದು. ಈ ಪದ್ಧತಿ ಮಾಡದ ಕೆಲಸವೇ ಅದು.

ಕರಪತ್ರದ ಒಳಪುಟಕ್ಕೆ ಇನ್ನೂ ಮೂರು ಬೇಕು: ಎಕ್ಸೆಪ್ಷನ್ (ತೊಂದರೆ ಇಲ್ಲದಿದ್ದ ಹೊತ್ತಿನ ಬಗ್ಗೆ ಕೇಳುವುದು), ಮಿರಾಕಲ್ ಪ್ರಶ್ನೆ (ತೊಂದರೆ ರಾತ್ರೋರಾತ್ರಿ ಹೋದರೆ ಏನು ಕಾಣುತ್ತದೆ ಎಂದು ಕೇಳುವುದು), ಸ್ಕೇಲಿಂಗ್ ಪ್ರಶ್ನೆ (0ಯಿಂದ 10ರಲ್ಲಿ ಎಲ್ಲಿದ್ದೀರಿ ಎಂದು ಕೇಳುವುದು).

ಭದ್ರಾವತಿಯಿಂದ, ಶನಿವಾರ

‘ಪರಿಹಾರ’ ಶುದ್ಧವಾದ ಪದ. ಜನ ಅದನ್ನು ದುಡ್ಡಿಗೆ ಇಳಿಸಿದರೆಂದು ನಿಘಂಟನ್ನು ತಿದ್ದಲಾಗುವುದಿಲ್ಲ. ‘ಚಿಕಿತ್ಸೆ’ಯನ್ನಂತೂ ಬಿಡಲೇಬೇಡಿ. ಅದು ಸನ್ನಂತ ರೂಪ, ಎಂದರೆ ಸಾಮಾನ್ಯವಾಗಿ ಬಯಕೆ ಸೂಚಿಸುವ ‘ಸನ್’ ಪ್ರತ್ಯಯ ಹತ್ತಿದ್ದು, ಪಾಣಿನಿ ಕಿತ್ ಧಾತುವಿಗೆ ಸನ್ ಹೇಳಿದ್ದಾನೆ. ಮೂಲದಲ್ಲಿ ಅರಿಯಬೇಕೆಂಬ, ಗಮನಿಸಬೇಕೆಂಬ ಬಯಕೆ. ಎದುರಿಗೆ ಕೂತವನನ್ನು ಗಮನಿಸುವ ಕೆಲಸಕ್ಕೆ ಇದಕ್ಕಿಂತ ತಕ್ಕ ಪದ ಯಾವ ಭಾಷೆಯಲ್ಲಿದೆ? ‘ಕಿರು ಅವಧಿ’ಯನ್ನು ಯಾರಾದರೂ ತರುವ ಮೊದಲೇ ಹೇಳಿಬಿಡುತ್ತೇನೆ, ಅದು ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ. ‘ಶಬ್ದಮಣಿದರ್ಪಣ’ದ ಕೇಶಿರಾಜ ಬೇಡವೆಂದದ್ದು ಸುಮ್ಮನೆ ಅಲ್ಲ.

ಸಾಗರದಿಂದ, ಶನಿವಾರ

ಅರಿಸಮಾಸದ ಹೆದರಿಕೆಯಿಂದಲೇ ಕನ್ನಡದಲ್ಲಿ ಹೊಸ ಪದ ಹುಟ್ಟುವುದು ನಿಂತಿದೆ. ‘ಕೇಂದ್ರ’ವನ್ನು ಸಂಸ್ಕೃತ ಗ್ರೀಕಿನ ‘ಕೆಂಟ್ರಾನ್’ನಿಂದ ಎತ್ತಿಕೊಂಡಿತು. ಗ್ರೀಕಿಗೆ ಬಾಗಿಲು ತೆರೆದವರು ಅಚ್ಚಗನ್ನಡಕ್ಕೆ ಅಗಳಿ ಹಾಕುತ್ತಾರೆ.

ನನ್ನ ಸೂಚನೆ ‘ಬಗೆಹರಿಕೆಯ ಮಾತುಮದ್ದು’. ಹಳಗನ್ನಡದಲ್ಲಿ ‘ಬಗೆ’ ಅಂದರೆ ಮನಸ್ಸು, ಆಲೋಚನೆ. ಬಗೆ ಹರಿಯುವುದೆಂದರೆ ಮನಸ್ಸಿನ ತೊಡಕು ಕಡಿಯುವುದು. ‘ಮದ್ದು’ ಹಳಗನ್ನಡದ ‘ಮರ್ದು’, ತಮಿಳಿನ ‘ಮರುಂದು’. ಎರಡೂ ನಮ್ಮವೇ.

ತೀರ್ಥಹಳ್ಳಿಯಿಂದ

‘ಮದ್ದು’ ಆಗುವುದಿಲ್ಲ. ಇಲ್ಲಿ ‘ಮದ್ದು ಹಾಕಿದ್ದಾರೆ’ ಅಂದರೆ ಆಗದವರು ಊಟದಲ್ಲಿ ಏನೋ ಕೊಟ್ಟಿದ್ದಾರೆ ಎಂದರ್ಥ. ಅದನ್ನು ತೆಗೆಸಲು ಓಡಾಡಿ ಸುಸ್ತಾದವರೂ ಈ ಕೊಠಡಿಗೆ ಬರುತ್ತಾರೆ. ಬೋರ್ಡಿನಲ್ಲಿ ಅದೇ ಪದ ಕಾಣಬಾರದು.

ಭದ್ರಾವತಿಯಿಂದ

‘ಬಗೆ’ಗೆ ವಿಧ ಎಂಬ ಅರ್ಥವೂ ಇದೆ, ತಮಿಳಿನ ‘ವಗೈ’. ಬಗೆಹರಿಕೆಯ ‘ಬಗೆ’ ಮನಸ್ಸೇ ಎಂದು ಹೇಳಲು ಆಧಾರ ಕೊಡಿ. ಕೊಡಲಾಗದಿದ್ದರೆ ಬಿಡಿ.

ಶಿವಮೊಗ್ಗದಿಂದ, ಶನಿವಾರ ಸಂಜೆ

ಪದ ಕಟ್ಟುವ ಮೊದಲು ಒಳಗೆ ನಡೆಯುವ ಕೆಲಸ ಏನೆಂದು ನೋಡಿ. ಒಂದು ಭೇಟಿ 45ರಿಂದ 60 ನಿಮಿಷ. ಸಾಮಾನ್ಯವಾಗಿ ಮೂರರಿಂದ ಎಂಟು ಭೇಟಿ. ‘ಬ್ರೀಫ್’ ಅಂದರೆ ಅವಸರ ಅಲ್ಲ, ಬೇಕಾದುದಕ್ಕಿಂತ ಒಂದು ಭೇಟಿಯೂ ಹೆಚ್ಚಾಗಬಾರದು ಎಂಬ ಹಟ.

ಸಮಸ್ಯೆ ಯಾಕೆ ಬಂತು ಎಂದು ಬೇರು ಅಗೆಯುವುದಿಲ್ಲ. ‘ಇಲ್ಲಿಗೆ ಬಂದದ್ದು ಸಾರ್ಥಕ ಅನ್ನಿಸಬೇಕಾದರೆ ಏನಾಗಿರಬೇಕು?’ ಎಂದು ಶುರು. ಉತ್ತರ ಬಹಳ ಸಲ ‘ಬಾರದು’ ಎಂದೇ ಬರುತ್ತದೆ: ಗಂಡ ಕುಡಿಯಬಾರದು, ಸಿಟ್ಟು ಬರಬಾರದು. ಆಗ ‘ಅದರ ಬದಲು ಏನಿರುತ್ತದೆ?’ ಎಂದು ಕೇಳಬೇಕು. ‘ಸಂಜೆ ಏಳಕ್ಕೆ ಮನೆಗೆ ಬಂದು ಮಗನ ಜೊತೆ ಊಟಕ್ಕೆ ಕೂರುತ್ತಾರೆ’ ಎಂದರೆ ಅದು ಗುರಿ, ಕಣ್ಣಿಗೆ ಕಾಣುವಂಥದ್ದು. ಇಲ್ಲದ್ದನ್ನು ಗುರಿ ಮಾಡಿಕೊಂಡರೆ ತಲುಪಿದ್ದು ಗೊತ್ತಾಗುವುದೇ ಇಲ್ಲ.

ಹಾಗಾಗಿ ‘ಪರಿಹಾರ’ ನಿಘಂಟಿನ ಪ್ರಕಾರವೂ ಸೋಲುತ್ತದೆ. ‘ಹೃ’ ಅಂದರೆ ಒಯ್ಯುವುದು, ಪರಿಹರಿಸುವುದೆಂದರೆ ತೊಲಗಿಸುವುದು. ‘ಬಗೆಹರಿಕೆ’ಯ ‘ಹರಿ’ಯೂ ಕಡಿಯುವುದೇ. ಎರಡೂ ಸಮಸ್ಯೆಯ ಕಡೆಗೆ ಮುಖ ಮಾಡಿವೆ. ಪದ್ಧತಿ ಅದಕ್ಕೆ ಬೆನ್ನು ಮಾಡಿ, ಬಂದವರಲ್ಲಿ ಈಗಾಗಲೇ ಇರುವ ಕಸುವಿನ ಮೇಲೆ ಕಟ್ಟುತ್ತದೆ. ‘ಸಲಹೆ’ಯೂ ಅಷ್ಟು ಹೊಂದುವುದಿಲ್ಲ, ಇಲ್ಲಿ ಸಲಹೆ ಕೊಡುವುದು ಕಡಿಮೆ, ಕೇಳುವುದು ಹೆಚ್ಚು.

ನನ್ನ ಸೂಚನೆ ‘ದಾರಿ ಕಂಡುಕೊಳ್ಳುವ ಮಾತುಕತೆ’. ‘ದಾರಿ ತೋರುವ’ ಬೇಡ, ತೋರುವವರು ಎದುರು ಕುರ್ಚಿಯವರಾಗಿಬಿಡುತ್ತಾರೆ. ‘ಕೊಳ್ಳು’ ಸೇರಿದ ತಕ್ಷಣ ಕಾಣುವವರೂ ನಡೆಯುವವರೂ ಬಂದವರೇ ಎಂದಾಗುತ್ತದೆ. ಇಂಗ್ಲಿಷಿನ ಹೆಸರಿನಲ್ಲಿ ಈ ಮಾತೇ ಇಲ್ಲ. ನಮ್ಮ ವ್ಯಾಕರಣ ಪುಕ್ಕಟೆ ಕೊಡುತ್ತಿದೆ, ತಗೊಳ್ಳಿ.

ಸಾಗರದಿಂದ

ಒಪ್ಪಿದೆ. ‘ಮಾತುಕತೆ’ ಸ್ವಲ್ಪ ಪೇಲವ, ಆದರೂ ಒಪ್ಪಿದೆ. ‘ಬಗೆ’ಯನ್ನು ಬಿಟ್ಟುಕೊಟ್ಟಿಲ್ಲ.

ಭದ್ರಾವತಿಯಿಂದ

ಇದು ಹೆಸರಲ್ಲ, ವಾಕ್ಯದ ತುಂಡು. ಪಾರಿಭಾಷಿಕ ಪದವೆಂದರೆ ಅದರಿಂದ ವಿಶೇಷಣ ಹುಟ್ಟಬೇಕು, ಕರ್ತೃಪದ ಹುಟ್ಟಬೇಕು. ‘ದಾರಿ ಕಂಡುಕೊಳ್ಳುವ ಮಾತುಕತೆಗಾರ’ ಎನ್ನುತ್ತೀರಾ?

ಶಿವಮೊಗ್ಗದಿಂದ

ಬೋರ್ಡು ಓದುವವರಿಗೆ ಕರ್ತೃಪದ ಬೇಕಿಲ್ಲ. ಪಠ್ಯಪುಸ್ತಕ ಬರೆಯುವಾಗ ನಿಮ್ಮ ಮಾತು ಸರಿ, ಅದು ಬೇರೆ ಚರ್ಚೆ.

ಒಳಪುಟದ ಮೂರಕ್ಕೆ ಬರುತ್ತೇನೆ. ಸ್ಕೇಲಿಂಗಿಗೆ ‘ಅಂಕ’ ಬಳಸಬೇಡಿ. ಅಂಕವೆಂದರೆ ಪರೀಕ್ಷೆ, ಪಾಸು, ಫೇಲು. ‘ನಾಲ್ಕು’ ಎಂದವರು ತಲೆತಗ್ಗಿಸುತ್ತಾರೆ, ಕೇಳುವವರೂ ಗೊತ್ತಿಲ್ಲದೆ ‘ಯಾಕೆ ಅಷ್ಟೇ?’ ಎಂದುಬಿಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ‘ಮೆಟ್ಟಿಲು’ ಎನ್ನಿ. 0ಯಿಂದ 10. ನಾಲ್ಕನೆಯದರಲ್ಲಿದ್ದರೆ ಮೊದಲ ಪ್ರಶ್ನೆ ‘ಸೊನ್ನೆಯಿಂದ ನಾಲ್ಕರವರೆಗೆ ಹೇಗೆ ಹತ್ತಿದಿರಿ?’ ಅದು ಮುಗಿದ ಮೇಲೆ ‘ಐದರಲ್ಲಿದ್ದರೆ ಏನು ಬೇರೆ ಇರುತ್ತದೆ?’ ಹತ್ತಕ್ಕೆ ಹಾರಿಸಬಾರದು. ಹಳೇ ಮನೆಯ ಅಟ್ಟದ ಏಣಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಿರಾಕಲ್ಲಿಗೆ ‘ಪವಾಡ’ ನಡೆಯುತ್ತದೆ, ಆದರೆ ದೇವರು, ಮಠ, ಹರಕೆಯ ಕಡೆ ಮಾತು ಜಾರುತ್ತದೆ. ಪದಕ್ಕಿಂತ ಕೇಳುವ ರೀತಿ ಮುಖ್ಯ. ನಿಧಾನವಾಗಿ, ದಿನದ ಕೆಲಸ ಹೇಳುತ್ತಾ ಹೋಗಬೇಕು: ‘ಈಗ ಮನೆಗೆ ಹೋಗ್ತೀರಿ, ಕೊಟ್ಟಿಗೆ ಕೆಲಸ ಮುಗಿಸ್ತೀರಿ, ಉಂಡು ಮಲಗ್ತೀರಿ. ನೀವು ನಿದ್ದೆಯಲ್ಲಿರುವಾಗ ಈ ತೊಂದರೆ ಪೂರಾ ಹೋಗಿಬಿಟ್ಟಿತು ಅಂದ್ಕೊಳ್ಳಿ. ನಿದ್ದೆಯಲ್ಲಿದ್ರಿ, ಹೋಗಿದ್ದು ನಿಮಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಮೊದಲು ಏನು ನೋಡಿ ಗೊತ್ತಾಗುತ್ತೆ?’ ಕೊನೆಯಲ್ಲಿ ‘ಗೊತ್ತಾಗಬಹುದು’ ಎಂದರೆ ಕನಸಾಗಿ ಉಳಿಯುತ್ತದೆ. ‘ಗೊತ್ತಾಗುತ್ತೆ’ ನಮ್ಮಲ್ಲಿ ಇವತ್ತಿಗೂ ನಾಳೆಗೂ ಒಂದೇ ರೂಪ, ಅದನ್ನೇ ಇಡಿ. ಶೀರ್ಷಿಕೆಗೆ ‘ಬೆಳಗಾದಾಗ ಪ್ರಶ್ನೆ’ ಸಾಕು.

ತೀರ್ಥಹಳ್ಳಿಯಿಂದ, ಭಾನುವಾರ

ಎಕ್ಸೆಪ್ಷನ್ ಉಳಿಯಿತು. ಕರಡಿನಲ್ಲಿ ‘ಅಪವಾದ ಪ್ರಶ್ನೆ’ ಎಂದಿದೆ.

ಭದ್ರಾವತಿಯಿಂದ

ಉತ್ಸರ್ಗ ಎಂದರೆ ಸಾಮಾನ್ಯ ನಿಯಮ, ಅಪವಾದ ಎಂದರೆ ಅದಕ್ಕೆ ಹೊರತಾದದ್ದು. ಶಾಸ್ತ್ರಸಮ್ಮತ ಜೋಡಿ. ಬದಲಿಸಬೇಡಿ.

ಸಾಗರದಿಂದ

ನೊಂದು ಬಂದ ಸೊಸೆಗೆ ‘ಅಪವಾದ ಪ್ರಶ್ನೆ’ ಕೇಳುತ್ತೇವೆ ಎಂದು ಅಚ್ಚು ಹಾಕಿಸುತ್ತೀರಾ? ಆಕೆ ಅಪವಾದ ಹೊತ್ತುಕೊಂಡೇ ಬಂದಿರುತ್ತಾಳೆ.

ಕೊಪ್ಪದಿಂದ

‘ಹೊಳವು’ ಇದೆಯಲ್ಲ. ಆಟಿ ತಿಂಗಳಲ್ಲಿ ಜಡಿಮಳೆಯ ನಡುವೆ ಅರ್ಧ ದಿನ ಹೊಳವಾದಾಗಲೇ ಅಡಿಕೆ ಗೊನೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದು. ಮಳೆಗಾಲ ಮುಗಿದಿರುವುದಿಲ್ಲ, ಆದರೂ ಕೆಲಸಕ್ಕೆ ಸಾಕಷ್ಟು ಹೊತ್ತು ಸಿಕ್ಕಿರುತ್ತದೆ. ತೊಂದರೆ ಇರಬೇಕಾದಲ್ಲಿ ಇಲ್ಲದ ಹೊತ್ತು, ಅದೇ ತಾನೆ ನಿಮ್ಮ ಎಕ್ಸೆಪ್ಷನ್?

ಶಿವಮೊಗ್ಗದಿಂದ

ಅದೇ. ಒಂದೇ ವ್ಯತ್ಯಾಸ: ಮಳೆಯ ಹೊಳವು ತಾನಾಗಿ ಬರುತ್ತದೆ, ಇಲ್ಲಿಯದನ್ನು ಬಂದವರು ಹೇಗೋ ಮಾಡಿಕೊಂಡಿರುತ್ತಾರೆ. ಆದ್ದರಿಂದ ‘ಯಾವಾಗ ಹೊಳವಿತ್ತು?’ ಎಂದು ಬಿಟ್ಟರೆ ಅರ್ಧ ಪ್ರಶ್ನೆ. ‘ಆಗ ನೀವು ಏನು ಬೇರೆ ಮಾಡಿದಿರಿ?’ ಸೇರಿದರೆ ಪೂರ್ತಿ. ಸಿಗದಿದ್ದರೆ ಕೆದಕಬಾರದು. ‘ಇಷ್ಟರ ನಡುವೆ ಇಲ್ಲಿಯವರೆಗೆ ಹೇಗೆ ನಿಭಾಯಿಸಿದಿರಿ?’ ಎಂಬ ಪ್ರಶ್ನೆಗೆ ತಿರುಗಬೇಕು. ಸಂಕಟ ಹೇಳಿಕೊಳ್ಳುವ ಮೊದಲೇ ಒಳ್ಳೆಯ ದಿನ ಹುಡುಕಿಸಿದರೆ, ತಮ್ಮ ಕಷ್ಟವನ್ನು ಇವರು ನಂಬಲಿಲ್ಲ ಎಂದುಕೊಂಡು ಎದ್ದು ಹೋಗುತ್ತಾರೆ. ಈ ಪದ್ಧತಿ ಕೆಡುವುದು ಹೆಚ್ಚಾಗಿ ಹೀಗೆ.

ಭದ್ರಾವತಿಯಿಂದ

‘ಹೊಳವು’ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ದಾಟಿದ ಮೇಲಿನ ಮಾತು. ಶಿಕಾರಿಪುರದಲ್ಲಿ ಯಾರಿಗೂ ತಿಳಿಯದು. ಹೀಗೆ ತಾಲ್ಲೂಕಿಗೊಂದು ಪದವಾದರೆ ಕನ್ನಡದಲ್ಲಿ ಶಾಸ್ತ್ರ ಬರೆಯುವುದು ಯಾವಾಗ?

ಸಾಗರದಿಂದ

‘ತಾಲ್ಲೂಕು’ ಅರಬ್ಬಿಯಿಂದ ಬಂದದ್ದು. ಅದು ಮಂಡಗದ್ದೆಯ ಈಚೆಗೂ ಆಚೆಗೂ ತಿಳಿಯುತ್ತದೆ. ಹೊರಗಿನಿಂದ ಬಂದ ಪದ ಇಡೀ ನಾಡಿಗೆ ಹರಡಬಹುದು, ಮಲೆನಾಡಿನ ಪದ ಘಟ್ಟದಿಂದ ಬಯಲಿಗೆ ಇಳಿಯಬಾರದು, ಇದು ಯಾವ ನ್ಯಾಯ?

ತೀರ್ಥಹಳ್ಳಿಯಿಂದ, ಸೋಮವಾರ ಬೆಳಿಗ್ಗೆ

ತೀರ್ಮಾನ ಇದು. ಬೋರ್ಡಿನಲ್ಲಿ ದೊಡ್ಡದಾಗಿ ‘ಆಪ್ತಸಮಾಲೋಚನೆ’, ಕೆಳಗೆ ‘ದಾರಿ ಕಂಡುಕೊಳ್ಳುವ ಮಾತುಕತೆ’. ಕರಪತ್ರದಲ್ಲಿ ಮೆಟ್ಟಿಲು, ಬೆಳಗಾದಾಗ, ಹೊಳವು. ‘ಕ್ಲೈಂಟ್’ಗೆ ಗ್ರಾಹಕ, ಕಕ್ಷಿದಾರ, ರೋಗಿ ಯಾವುದೂ ಬೇಡ, ಎಲ್ಲ ಕಡೆ ‘ಬಂದವರು’. ಮೂಲ ಹೆಸರು ಕನ್ನಡ ಲಿಪಿಯಲ್ಲಿ ಕೊನೆಯ ಸಾಲಿಗೆ.

ಶಿವಮೊಗ್ಗದಿಂದ

ಕೊನೆಯ ಸಾಲಿಗಿಂತ ಮೇಲೆ, ದಪ್ಪಕ್ಷರದಲ್ಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಾಕಿ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಇದ್ದವರಿಗೆ, ಇಲ್ಲದ ದನಿ ಕೇಳಿಸುವವರಿಗೆ ಈ ಮಾತುಕತೆಯೊಂದೇ ಸಾಲದು. ಮನೋವೈದ್ಯರು ನೋಡಬೇಕು ಎಂಬುದೂ ಅಲ್ಲೇ ಇರಲಿ.

ಕೊಪ್ಪದಿಂದ

ಪ್ರೂಫ್ ನೋಡುವಾಗ ‘ಳ’ ಗಮನಿಸಿ. ‘ಹೊಲವು’ ಎಂದು ಅಚ್ಚಾದರೆ ಮತ್ತೆ ಪಹಣಿಗೇ ಹೋಗುತ್ತದೆ.