ಬ್ರಾಹ್ಮಿ ಕ್ಯಾಪ್ಸೂಲ್ ತಗೊಂಡ್ಮೇಲೆ ಮಂಕು ಹಿಡಿದ ಹಾಗಾಗಿದೆ, ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಓದಿದ್ದು ತಲೇಲಿ ನಿಲ್ತಿಲ್ಲ ಅಂತ ಬಕೋಪ ಶುರು ಮಾಡಿ ಒಂದು ತಿಂಗಳ ಮೇಲಾಯ್ತು, ನೀರುಬ್ರಾಹ್ಮಿ ರೀ, ಒಂದೆಲಗ ಅಲ್ಲ, ದಿನಕ್ಕೆ 300 ಮಿಲಿಗ್ರಾಂ ಎಕ್ಸ್‌ಟ್ರ್ಯಾಕ್ಟ್. ನೆನಪಿನ ಶಕ್ತಿ ಏನಾಯ್ತೋ ದೇವರಿಗೇ ಗೊತ್ತು, ಆದ್ರೆ ಮಧ್ಯಾಹ್ನ ಆದ್ರೆ ಸಾಕು ಪುಸ್ತಕ ತೆಗೆದಿಟ್ಕೊಂಡು ಅದೇ ಪುಟ ನೋಡ್ತಾ ಕೂತಿರ್ತೀನಿ, ಟೆನ್ಷನ್ ಇಲ್ಲ, ಹಾಗಂತ ಓದ್ಬೇಕು ಅನ್ನೋ ಚುರುಕೂ ಇಲ್ಲ. ಖಾಲಿ ಹೊಟ್ಟೇಲಿ ತಗೊಂಡಾಗ ಹೊಟ್ಟೆ ತೊಳೆಸ್ತಿತ್ತು, ಊಟ ಆದ್ಮೇಲೆ ತಗೊಂಡ್ರೆ ಅದಿಲ್ಲ. ಮಂಕು ಹೋಗ್ಲಿ ಅಂತ ರಾತ್ರಿಗೆ ಬದಲಾಯಿಸ್ದೆ, ಹಾಗೇ ಇದೆ. ಬೆಳಿಗ್ಗೆ 100 ಮಿಲಿಗ್ರಾಂ ಕೆಫೀನ್ ಜೊತೆ 200 ಮಿಲಿಗ್ರಾಂ ಎಲ್-ಥಿಯನಿನ್ (ಟೀ ಎಲೇಲಿರೋ ಒಂದು ಅಮೈನೋ ಆಮ್ಲ) ತಗೊಂಡು ನೋಡ್ದೆ, ಒಂದೆರಡು ಗಂಟೆ ಫೋಕಸ್ ಚೆನ್ನಾಗೇ ಇತ್ತು, ಆದ್ರೆ ಯಾವುದು ಕೆಲಸ ಮಾಡ್ತಿದೆ ಅಂತ ಗೊತ್ತಾಗಲ್ವಲ್ಲ, ಬಿಟ್ಟೆ. ಬೇರೆ ಯಾವ ಮಾತ್ರೆನೂ ಇಲ್ಲ, ನಿದ್ದೆ ಸರಿಯಾಗೇ ಇದೆ.

ಗೊಂದಲ ಏನಂದ್ರೆ, ಬಕೋಪ ಮೇಲಿನ ಸುಮಾರು ಸ್ಟಡಿಗಳು 12 ವಾರದ್ದು, ಈಗ್ಲೇ ಬಿಟ್ರೆ ಇಷ್ಟು ದಿನ ತಗೊಂಡಿದ್ದು ವೇಸ್ಟ್, ಮುಂದುವರಿಸಿದ್ರೆ ಈ ಜಡ ಇನ್ನೂ ಹೆಚ್ಚಾದ್ರೆ? ಬಕೋಪ ಒಂದನ್ನೇ 12 ವಾರ ಪೂರ್ತಿ ತಗೊಂಡಿರೋರು ದಯವಿಟ್ಟು ಹೇಳಿ, ಈ ಮಂಕು ತಗೊಳ್ತಾ ತಗೊಳ್ತಾನೇ ಹೋಯ್ತಾ, ಇಲ್ಲ ನಿಲ್ಲಿಸಿದ್ಮೇಲೇನಾ?